ಕಾಟನ್ ರ‍್ಯಾಗ್ ಮ್ಯಾಟ್ ಪೇಪರ್, 308 ಜಿಎಸ್‌ಎಂ: ಬಹುಕಾಲದ ಬಳಕೆಯ ನಂತರ

ಹೊಳಪು, ಕಡುಗಪ್ಪು, ಬಣ್ಣದ ಅಬ್ಬರ ಬೇಕಿದ್ದವರಿಗೆ ಹತ್ತಿಯ ನಾರಿನಿಂದ ಮಾಡಿದ, ಹೊಳಪಿಲ್ಲದ (ಮ್ಯಾಟ್), ಚದರ ಮೀಟರಿಗೆ 308 ಗ್ರಾಂ ತೂಗುವ ಈ ಇಂಕ್‌ಜೆಟ್ ಕಾಗದ ಹೇಳಿ ಮಾಡಿಸಿದ್ದಲ್ಲ. ಪ್ರಿಂಟನ್ನು ಮೇಜಿನ ಮೇಲಿಟ್ಟು, ಸುತ್ತ ನಾಲ್ಕು ಜನ ಕೂತು, ಫೋಟೋವನ್ನು ಕಲಾಕೃತಿಯಾಗಿ ನೋಡಿ ಮಾತಾಡಬೇಕು ಎನ್ನುವವರಿಗೆ ಮಾತ್ರ ಈ ವಿಮರ್ಶೆ. ಆ ಕೆಲಸಕ್ಕೆ ಇದರಷ್ಟು ಒದಗುವ ಕಾಗದ ಇನ್ನೊಂದಿಲ್ಲ. ಇದರಷ್ಟು ಕಾಡುವುದೂ ಇನ್ನೊಂದಿಲ್ಲ.

ಹೊಳಪಿನ ಕಾಗದದಲ್ಲಿ ಮೊದಲು ಕಾಣುವುದು ದೀಪ, ಚಿತ್ರ ಆಮೇಲೆ. ಎದುರು ಕೂತವರಿಗೆ ಟ್ಯೂಬ್‌ಲೈಟಿನ ಪಟ್ಟಿ, ಪಕ್ಕದವರಿಗೆ ಕಿಟಕಿ. ಪ್ರತಿಯೊಬ್ಬರೂ ಪ್ರಿಂಟ್ ಎತ್ತಿ ಓರೆ ಮಾಡುತ್ತಾರೆ, ಮಾತು ಅಲ್ಲೇ ಕಡಿಯುತ್ತದೆ. ಮ್ಯಾಟ್ ಮೇಲ್ಮೈ ಬೆಳಕನ್ನು ಚದುರಿಸುವುದರಿಂದ ಯಾವ ಕಡೆಯಿಂದ ನೋಡಿದರೂ ಒಂದೇ ಚಿತ್ರ. ವಿಲಿಯಂ ವಿಲ್ಲಿಸ್ 1873ರಲ್ಲಿ ಪೇಟೆಂಟ್ ಪಡೆದ, ಪ್ಲಾಟಿನಂ ಲೋಹದಿಂದ ಚಿತ್ರ ಮೂಡಿಸುವ ಪ್ಲಾಟಿನಂ ಮುದ್ರಣವನ್ನು, ಛಾಯಾಗ್ರಹಣವೂ ಕಲೆಯೇ ಎಂದು ವಾದಿಸುತ್ತಿದ್ದವರು ಅಪ್ಪಿಕೊಂಡದ್ದರ ಹಿಂದೆಯೂ ಈ ಗುಣವಿತ್ತು: ಜೆಲಟಿನ್ ಪದರವಿಲ್ಲ, ಲೋಹ ಕಾಗದದ ನಾರಿನಲ್ಲೇ ಕೂತಿರುತ್ತದೆ, ಮಿರುಗುವುದಿಲ್ಲ.

ಬೆಲೆ ತೆರಬೇಕಾದ್ದು ಕಪ್ಪಿನಲ್ಲಿ. ಒಳ್ಳೆಯ ಬರೈಟಾ ಕಾಗದದಲ್ಲಿ (ಬೇರಿಯಂ ಸಲ್ಫೇಟ್ ಪದರವಿರುವ ಹೊಳಪಿನ ಕಾಗದ) ಗರಿಷ್ಠ ಸಾಂದ್ರತೆ, ಅಂದರೆ ಕಪ್ಪು ಎಷ್ಟು ಗಾಢ ಎಂಬ ಅಳತೆ, 2.2 ದಾಟುತ್ತದೆ, ಇಲ್ಲಿ 1.6–1.7 ಸಿಕ್ಕರೆ ಹೆಚ್ಚು. ಈ ಅಳತೆ ಲಾಗರಿದಮ್ ಲೆಕ್ಕದ್ದು, ಹಾಗಾಗಿ ಇಲ್ಲಿನ ಕಪ್ಪು ಮೂರು ನಾಲ್ಕು ಪಟ್ಟು ಹೆಚ್ಚು ಬೆಳಕನ್ನು ವಾಪಸು ಕೊಡುತ್ತದೆ. ಮಾನಿಟರಿನಲ್ಲಿ ಬೇರೆಬೇರೆಯಾಗಿ ಕಂಡ ನೆರಳಿನ ವಿವರಗಳು ಪ್ರಿಂಟಿನಲ್ಲಿ ಒಂದೇ ಮುದ್ದೆಯಾಗುತ್ತವೆ. 0 ಎಂದರೆ ಕಡುಗಪ್ಪು, 255 ಎಂದರೆ ಬಿಳಿ ಎಂಬ ಲೆಕ್ಕದಲ್ಲಿ 0ಯಿಂದ 30ರವರೆಗೆ ಮೂರು ಮೂರರ ಅಂತರದಲ್ಲಿ ಬೂದು ಚೌಕಗಳನ್ನು ಒಂದು ಪಟ್ಟಿಯಲ್ಲಿ ಮುದ್ರಿಸಿ ನೋಡಿ. ಪಕ್ಕದ್ದರಿಂದ ಬೇರೆಯಾಗಿ ಕಾಣುವ ಮೊದಲ ಚೌಕದ ಮೌಲ್ಯಕ್ಕೆ, ಚಿತ್ರದಲ್ಲಿ ವಿವರ ಉಳಿಯಬೇಕಾದ ನೆರಳನ್ನು ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಬೆಳಕು-ನೆರಳು ತಿದ್ದುವ ಸಾಧನವಾದ ಕರ್ವ್ಸ್‌ನಲ್ಲಿ ಎತ್ತಿ. ಯಾವ ನೆರಳು ಉಳಿಯಬೇಕು, ಯಾವುದು ಮುಳುಗಲಿ ಎಂದು ನೀವೇ ತೀರ್ಮಾನಿಸಬೇಕಾಗುತ್ತದೆ. ಚಿತ್ರದ ಚರ್ಚೆ ನಿಜವಾಗಿ ಶುರುವಾಗುವುದು ಇಲ್ಲಿಂದಲೇ.

'ಪ್ರಿಂಟ್ ಕಪ್ಪಾಗಿ ಬರುತ್ತದೆ' ಎಂಬ ದೂರಿಗೆ ಬಹುಪಾಲು ಕಾಗದ ಹೊಣೆಯಲ್ಲ, ಮಾನಿಟರ್ ಹೊಣೆ. ಅದರ ಹೊಳಪನ್ನು ಚದರ ಮೀಟರಿಗೆ 80ರಿಂದ 100 ಕ್ಯಾಂಡೆಲಾಕ್ಕೆ ಇಳಿಸಿ. ಬಣ್ಣದ ಪ್ರೊಫೈಲನ್ನು (ಈ ಕಾಗದಕ್ಕೂ ಇಂಕಿಗೂ ಬಣ್ಣ ಹೊಂದಿಸುವ ಫೈಲ್) ಸಾಫ್ಟ್‌ವೇರ್ ನಿಭಾಯಿಸಿದರೆ ಪ್ರಿಂಟರ್ ಡ್ರೈವರಿನಲ್ಲಿ ಬಣ್ಣ ತಿದ್ದುವ ಆಯ್ಕೆ ಆಫ್ ಇರಲೇಬೇಕು. ಎರಡೂ ಆನ್ ಇದ್ದರೆ ಎತ್ತು ಏರಿಗೆ, ಕೋಣ ನೀರಿಗೆ. ಮುಖಗಳೆಲ್ಲ ಕೆಂಪೇರಿ ಬರುತ್ತವೆ. ಮೀಡಿಯಾ ಟೈಪ್‌ನಲ್ಲಿ ತಪ್ಪಿ ಗ್ಲಾಸಿ ಆರಿಸಿದರೆ ಪ್ರಿಂಟರ್ ಮ್ಯಾಟ್ ಬ್ಲ್ಯಾಕ್ ಬದಲು ಫೋಟೋ ಬ್ಲ್ಯಾಕ್ ಇಂಕ್ ಸುರಿಯುತ್ತದೆ, ಕಪ್ಪು ಬೂದಿ ಬಡಿದಂತೆ ಕಾಣುತ್ತದೆ.

ಇನ್ನು ಧೂಳು. ಹತ್ತಿಯ ಕಾಗದ ಕತ್ತರಿಸಿದ ಅಂಚಿನಲ್ಲಿ ನಾರು ಉದುರಿಸುತ್ತದೆ. ಆ ನಾರು ಮೇಲ್ಮೈ ಮೇಲೆ ಕೂತಿರುವಾಗಲೇ ಇಂಕ್ ಬೀಳುತ್ತದೆ. ಎರಡು ದಿನ ಬಿಟ್ಟು ನಾರು ಉದುರುತ್ತದೆ, ಅದರ ಜಾಗದಲ್ಲಿ ಅಕ್ಕಿನುಚ್ಚಿನಂಥ ಬಿಳಿ ಚುಕ್ಕೆ. ಕಡುಗಪ್ಪು ಆಕಾಶವಿದ್ದರೆ ಕೇಳುವುದೇ ಬೇಡ. ಪ್ರತಿ ಹಾಳೆಯನ್ನೂ ಲಂಬವಾಗಿ ಹಿಡಿದು, ಮೆತ್ತನೆಯ ಅಗಲ ಬ್ರಷ್‌ನಿಂದ ಮೇಲಿಂದ ಕೆಳಕ್ಕೆ ನಾಲ್ಕೈದು ಸಲ ಸವರಿ, ಅಂಚುಗಳನ್ನೂ ಬಿಡದೆ, ಆಮೇಲೆ ಹಾಕಿ. ಬಾಯಿಂದ ಊದಬೇಡಿ, ಉಗುಳಿನ ಹನಿ ಇಂಕ್ ಹಿಡಿಯುವ ಲೇಪನವನ್ನು ಕೆಡಿಸುತ್ತದೆ.

ಲೇಪನವಿರುವುದು ಒಂದೇ ಮಗ್ಗುಲಿಗೆ. ಗೊಂದಲವಾದರೆ ತೇವದ ಬೆರಳನ್ನು ಮೂಲೆಗೆ ತಾಕಿಸಿ, ಅಂಟುವ ಕಡೆಯೇ ಮುದ್ರಣದ ಮುಖ. ಒಣಹವೆಯಲ್ಲಿ ಹಾಳೆ ಬಿಲ್ಲಿನಂತೆ ಬಾಗುತ್ತದೆ, ಬಾಗಿದ ಅಂಚಿಗೆ ಪ್ರಿಂಟ್ ಹೆಡ್ ಉಜ್ಜಿ ಕಪ್ಪು ಗೆರೆ ಎಳೆಯುತ್ತದೆ. ಪ್ಲೇಟನ್ ಗ್ಯಾಪ್ (ಪ್ರಿಂಟ್ ಹೆಡ್ಡಿಗೂ ಕಾಗದಕ್ಕೂ ನಡುವಿನ ಅಂತರ) ಹೆಚ್ಚಿಸಿ, ಸುತ್ತ 25 ಮಿ.ಮೀ. ಅಂಚು ಬಿಡಿ, ಹಿಂದಿನ ಟ್ರೇಯಿಂದ ಒಂದೊಂದೇ ಹಾಳೆ ಕೊಡಿ. ಎ3 ಪ್ಲಸ್ ಹಾಳೆಯಲ್ಲಿ (329 × 483 ಮಿ.ಮೀ.) ಆಗ ಉದ್ದಕ್ಕೆ 433 ಮಿ.ಮೀ. ಉಳಿಯುತ್ತದೆ, 300 ಪಿಪಿಐಗೆ (ಇಂಚಿಗೆ 300 ಪಿಕ್ಸೆಲ್) ಸುಮಾರು 5,100 ಪಿಕ್ಸೆಲ್ ಸಾಕು. ಆ ಬಿಳಿ ಅಂಚು ನಷ್ಟವೇನಲ್ಲ, ಕೈ ಹಿಡಿಯಲು ಜಾಗ ಬೇಕಲ್ಲ.

ಮಾತಿಗೆ ಕೂರುವಾಗ ಪ್ರಿಂಟಿನ ಮೇಲೆ ಲೆನ್ಸ್, ಅಪರ್ಚರ್, ಐಎಸ್‌ಒ ಯಾವುದನ್ನೂ ಬರೆಯಬೇಡಿ. ಬರೆದಿದ್ದರೆ ಚರ್ಚೆ ಅಂಗಡಿಯ ಕಡೆ ತಿರುಗುತ್ತದೆ. ಬೆಳಕಿನ ಬಣ್ಣ 5000 ಕೆಲ್ವಿನ್, ಪ್ರಮಾಣ ಸುಮಾರು 500 ಲಕ್ಸ್ ಇರಲಿ. ಮುದ್ರಣ ಪರಿಶೀಲನೆಯ ಐಎಸ್‌ಒ 3664 ಮಾನಕದ ಎರಡು ಹಂತಗಳಲ್ಲಿ ಕಡಿಮೆಯದು ಇದು. ಮೊದಲ ಎರಡು ನಿಮಿಷ ಮೌನ. ನಂತರ ಕಣ್ಣಿಗೆ ಕಂಡದ್ದಷ್ಟೇ ಹೇಳುವ ಸುತ್ತು, 'ಚೆನ್ನಾಗಿದೆ' ನಿಷಿದ್ಧ. ತೆಗೆದವರು ಕೊನೆಗೆ ಮಾತಾಡಲಿ. ಮಾತು ನಿಂತುಹೋದರೆ, ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿ 1964ರಲ್ಲಿ ಅಲ್ಲಿನ ಛಾಯಾಗ್ರಹಣ ವಿಭಾಗದ ಮುಖ್ಯಸ್ಥ ಜಾನ್ ಸರ್ಕೋವ್ಸ್ಕಿ ಪ್ರದರ್ಶನವೊಂದಕ್ಕೆ ಇಟ್ಟುಕೊಂಡ ಐದು ತಲೆಬರಹಗಳು ಇಂದಿಗೂ ಕೈಹಿಡಿಯುತ್ತವೆ: ವಸ್ತು, ವಿವರ, ಚೌಕಟ್ಟು, ಕಾಲ, ನೋಟದ ನೆಲೆ. ಚೌಕಟ್ಟಿನ ಮಾತು ಬಂದಾಗ ಕಪ್ಪು ರಟ್ಟಿನ ಎರಡು 'ಎಲ್' ಆಕಾರಗಳನ್ನು ಪ್ರಿಂಟಿನ ಮೇಲೆ ಮೆಲ್ಲಗೆ ಇಟ್ಟು ಬಲ ಅಂಚನ್ನು ಒಂದು ಬೆರಳಗಲ ಒಳಗೆ ತನ್ನಿ. ಆ ಮೂಲೆಯಲ್ಲಿ ಅರ್ಧ ಕತ್ತರಿಸಿದ ಕೈಯೊಂದಿದ್ದರೆ, ಅದು ಮರೆಯಾದೊಡನೆ ಚಿತ್ರದ ಭಾರ ಎಡಕ್ಕೆ ವಾಲುವುದು ಎಲ್ಲರಿಗೂ ಒಟ್ಟಿಗೆ ಕಾಣುತ್ತದೆ. ವಾದಕ್ಕೆ ಬುಡ ಸಿಗುತ್ತದೆ. ಒಂದೇ ಫೈಲನ್ನು ಅರ್ಧ ಸ್ಟಾಪ್ (ಬೆಳಕಿನ ಹೆಚ್ಚು-ಕಡಿಮೆ ಅಳೆಯುವ ಹಂತ) ವ್ಯತ್ಯಾಸದಲ್ಲಿ ಎರಡು ಸಲ ಮುದ್ರಿಸಿ ಪಕ್ಕಪಕ್ಕ ಇಡುವುದೂ ಇಷ್ಟೇ ಫಲ ಕೊಡುತ್ತದೆ. ಆದರೆ ಎರಡು ಬಗೆಯ ಕಾಗದ ಬೆರೆಸಬೇಡಿ: ಬೆಳ್ಳಗಾಗಿಸುವ ರಾಸಾಯನಿಕ ಹಾಕಿದ ಹಾಳೆಯ ಪಕ್ಕ ಅದಿಲ್ಲದ ಹಾಳೆ ಹಳದಿಯಾಗಿ ಕಾಣುತ್ತದೆ, ಎಲ್ಲರೂ ಅದನ್ನೇ ಮಾತಾಡುತ್ತಾರೆ.

ಬೆರಳಿಟ್ಟು ತೋರಿಸುವ ಚಟ ಈ ಕಾಗದದ ದೊಡ್ಡ ಶತ್ರು. ಇಂಕಿನ ಪಿಗ್ಮೆಂಟ್ (ಬಣ್ಣದ ಕಣ) ಮೇಲ್ಮೈಯಲ್ಲೇ ಕೂತಿರುವುದರಿಂದ ಉಗುರು ತಾಕಿದ ಕಡೆ ಕಪ್ಪಿನ ಮೇಲೆ ಮಿರುಗುವ ಗೀರು ಉಳಿಯುತ್ತದೆ, ಒರೆಸಲು ಹೋದರೆ ಇನ್ನೂ ಅಗಲವಾಗುತ್ತದೆ. ತೋರಿಸಲು ಕಾಗದದ ಸಣ್ಣ ಪಟ್ಟಿ ಕೊಡಿ. ಮುದ್ರಿಸಿ 24 ಗಂಟೆ ಒಣಗುವವರೆಗೆ ಒಂದರ ಮೇಲೊಂದು ಪೇರಿಸಬೇಡಿ, ಪೇರಿಸುವಾಗ ನಡುವೆ ಆಮ್ಲರಹಿತ ತೆಳುಹಾಳೆ ಇರಲಿ. ಹೊಸಬರು ಎ4 ಪ್ಯಾಕಿನಿಂದ ಶುರು ಮಾಡಿ, ಮೇಜಿನ ಚರ್ಚೆಯಲ್ಲಿ ಗಟ್ಟಿಯಾಗಿ ನಿಂತ ಚಿತ್ರಕ್ಕಷ್ಟೇ ಎ3 ಪ್ಲಸ್ ತೆಗೆಯಿರಿ.