ಜಶ್‌ಪುರದಿಂದ ಹಾಸನಕ್ಕೆ: ಮನೆಗೆಲಸದ ಏಜೆನ್ಸಿಯೊಂದರ ಜೊತೆ 15 ತಿಂಗಳು

ನಮ್ಮತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ವಯಸ್ಸು 81. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಏಳಲೂ ಕೂರಲೂ ಪಕ್ಕದಲ್ಲಿ ಒಬ್ಬರು ಬೇಕಾಯಿತು. ನಾನು ಅರಕಲಗೂಡು ಕಡೆಯ ಹೈಸ್ಕೂಲಿನಲ್ಲಿ ಟೀಚರ್. ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತಿದರೆ ಹಾಸನದ ಮನೆ ಸೇರುವುದು ಸಂಜೆ ಆರಕ್ಕೆ. ಎರಡು ತಿಂಗಳು ಪಕ್ಕದ ಬೀದಿಯ ಅಕ್ಕ ಒಬ್ಬರು ಬಂದು ನೋಡಿಕೊಂಡರು. ಅವರ ಮಗಳಿಗೆ ಹೆರಿಗೆಯಾಯಿತು, ಹೋಗಲೇಬೇಕಾಯಿತು. ಮನೆಯಲ್ಲೇ ಉಳಿದು ನೋಡಿಕೊಳ್ಳುವವರು ಊರಲ್ಲಿ ಯಾರೂ ಸಿಗಲಿಲ್ಲ.

ಪರಿಚಯದವರೊಬ್ಬರು ಒಬ್ಬ ದಲ್ಲಾಳಿಯ ನಂಬರ್ ಕೊಟ್ಟರು. ಅವನು ಅರ್ಧ ಗಂಟೆಯಲ್ಲಿ ವಾಟ್ಸಾಪಿಗೆ ಒಂದು ಫೋಟೋ, ಒಂದು ಆಧಾರ್ ಪ್ರತಿ ಕಳಿಸಿದ. ಹುಟ್ಟಿದ ದಿನ ಜನವರಿ 1, ಲೆಕ್ಕ ಹಾಕಿದರೆ ವಯಸ್ಸು 19. ಫೋಟೋದಲ್ಲಿದ್ದ ಹುಡುಗಿ ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳ ಹಾಗೇ ಇದ್ದಳು. ಇಪ್ಪತ್ತೆಂಟು ವರ್ಷದಿಂದ ಆ ವಯಸ್ಸಿನ ಮುಖಗಳನ್ನು ದಿನಾ ನೋಡುತ್ತಿದ್ದೇನೆ, ನನಗೆ ಗೊತ್ತಾಗುತ್ತದೆ. ಸಂಬಳದ ಮಾತು ಬಂದಾಗ ಅವನು ಹೇಳಿದ್ದು: "ಆರು ತಿಂಗಳದ್ದು ನನ್ನ ಅಕೌಂಟಿಗೆ ಹಾಕಿ ಮೇಡಂ, ಅವಳ ಮನೆಗೆ ನಾನೇ ಕಳಿಸ್ತೀನಿ." ಶಾಲೆಯ ದಾಖಲೆ ಇದ್ದರೆ ಕಳಿಸಿ ಅಂದೆ. ಫೋನ್ ಕಟ್ಟಾಯಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಅವನ ನಂಬರು, ಆಧಾರ್ ಪ್ರತಿ ಎಲ್ಲಾ ಕೊಟ್ಟೆ.

ಆಮೇಲೆ ಹೋಗಿದ್ದು ಬೆಂಗಳೂರಿನ ಏಜೆನ್ಸಿಗೆ. ಈ ಬರಹ ಅವರ ಸೇವೆಯ ಬಗ್ಗೆ. ಹೆಸರು ಹಾಕುತ್ತಿಲ್ಲ, ಯಾಕಂದರೆ ಮೆಚ್ಚುಗೆಯ ಜೊತೆ ದೂರುಗಳೂ ಇವೆ.

ಮೊದಲು ಲೈಸೆನ್ಸ್ ವಿಷಯ. ಆಫೀಸಿಗೆ ಹೋಗಿ ಕೇಳಿದಾಗ ಅವರು ತೋರಿಸಿದ್ದು ಗೋಡೆಯ ಮೇಲಿನ ಪ್ರಮಾಣಪತ್ರ. ಓದಿದರೆ ಅದು ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಮಾಡಿಸಿದ ನೋಂದಣಿ. ಬೇಕರಿಗೂ ಅದೇ, ಮೊಬೈಲ್ ಅಂಗಡಿಗೂ ಅದೇ. ಇಲ್ಲೊಂದು ಆಫೀಸ್ ಇದೆ ಅಂತ ಮಾತ್ರ ಅದರಿಂದ ಗೊತ್ತಾಗುತ್ತದೆ. ಹೆಣ್ಣುಮಕ್ಕಳನ್ನು ಯಾವ ಊರಿಂದ, ಹೇಗೆ ಕರೆತರುತ್ತಾರೆ ಅನ್ನುವುದನ್ನು ಆ ಕಾಗದ ಕೇಳುವುದೇ ಇಲ್ಲ. ನಾನು ಎದ್ದು ಹೊರಡುವವಳಿದ್ದೆ. ಆಗ ಅಲ್ಲಿದ್ದ ಮೇಡಂ ಇನ್ನೊಂದು ಫೈಲ್ ತೆಗೆದರು. ಛತ್ತೀಸ್‌ಗಢ ಸರ್ಕಾರ 2013ರಲ್ಲೇ ಖಾಸಗಿ ಪ್ಲೇಸ್‌ಮೆಂಟ್ ಏಜೆನ್ಸಿಗಳಿಗೆ ಕಾನೂನು ಮಾಡಿದೆ. ಅಲ್ಲಿಂದ ಜನರನ್ನು ಕೆಲಸಕ್ಕೆ ಕಳಿಸಲು ಲೈಸೆನ್ಸ್ ಬೇಕು, 18 ತುಂಬದವರನ್ನು ಕಳಿಸುವಂತಿಲ್ಲ. ಇವರಿಗೆ ಆಳುಗಳನ್ನು ಹುಡುಕಿಕೊಡುವ ಅಲ್ಲಿನ ಸಂಸ್ಥೆಯ ಲೈಸೆನ್ಸ್ ಪ್ರತಿ ಆ ಫೈಲಿನಲ್ಲಿತ್ತು. ನಂಬರ್, ಅವಧಿ ಎರಡನ್ನೂ ಬರೆದುಕೊಂಡೆ. ನೀವು ಯಾವ ಏಜೆನ್ಸಿಗೆ ಹೋದರೂ ಈ ಎರಡನೇ ಫೈಲ್ ಕೇಳಿ. ನಮ್ಮ ರಾಜ್ಯದಲ್ಲೂ ಮನೆಗೆಲಸದವರ ಭದ್ರತೆಗೆ 2025ರಲ್ಲಿ ಒಂದು ಕರಡು ಮಸೂದೆ ತಯಾರಾಗಿದೆ. ಅದು ಬೇಗ ಕಾನೂನಾಗಲಿ ಅಂತ ನಾನು ಮನಸಾರೆ ಬಯಸುತ್ತೇನೆ.

ಖರ್ಚು ಹೀಗಿತ್ತು. ಸಂಬಳ ತಿಂಗಳಿಗೆ 18,000. ಏಜೆನ್ಸಿಗೆ ಒಂದು ಸಲ ಒಂದು ತಿಂಗಳ ಸಂಬಳದಷ್ಟು, ಜಿಎಸ್‌ಟಿ 3,240 ಸೇರಿ 21,240. ರಸೀದಿ ಕೊಟ್ಟರು. ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸಿನಿಂದ ಒಂದು ರೂಪಾಯಿಯೂ ತೆಗೆದುಕೊಳ್ಳುವುದಿಲ್ಲ ಅಂತ ಕರಾರಿನಲ್ಲೇ ಬರೆದಿತ್ತು. ಸಂಬಳ ನೇರವಾಗಿ ಆಕೆಯ ಜನಧನ್ ಖಾತೆಗೆ, ಪ್ರತಿ ತಿಂಗಳು 5ರ ಒಳಗೆ. ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಆಕೆಯದೇ ಹೌದಾ ಅಂತ ನಮ್ಮ ಮನೆಗೆ ಬಂದ ದಿನವೇ ಏಜೆನ್ಸಿಯವರು ಫೋನ್ ಮಾಡಿ ಖಚಿತ ಮಾಡಿಕೊಂಡರು. ಇಡೀ ಸೇವೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ಆ ದಲ್ಲಾಳಿಯ ಮಾತು ಇನ್ನೂ ಕಿವಿಯಲ್ಲಿತ್ತಲ್ಲ.

ಬೀದಿಯಲ್ಲಿ ಕೆಲವರು "ಊಟ, ರೂಮು ನೀವೇ ಕೊಡ್ತೀರ, ಹತ್ತು ಸಾವಿರ ಸಾಕಿತ್ತು" ಅಂದರು. ಕರ್ನಾಟಕದಲ್ಲಿ ಮನೆಗೆಲಸಕ್ಕೆ ಕನಿಷ್ಠ ವೇತನ ಅನ್ನುವುದು 2004ರಿಂದ ಇದೆ ಅಂತ ನಾನು ಹೇಳಿದರೆ ಅವರಿಗೆ ಆಶ್ಚರ್ಯ. ರಾತ್ರಿ ಎರಡು ಸಲ ಎದ್ದು ಅತ್ತೆಯನ್ನು ಬಚ್ಚಲಿಗೆ ಕರೆದುಕೊಂಡು ಹೋಗುವವರಿಗೆ ಹತ್ತು ಸಾವಿರ ಕೊಡಲು ನನ್ನ ಕೈ ಬರುವುದಿಲ್ಲ.

ಆಕೆ ಛತ್ತೀಸ್‌ಗಢದ ಜಶ್‌ಪುರ ಜಿಲ್ಲೆಯವರು, 34 ವರ್ಷ, ಊರಲ್ಲಿ ಇಬ್ಬರು ಮಕ್ಕಳಿದ್ದಾರೆ. ನಮ್ಮ ಮನೆಯಲ್ಲಿ ಎಲ್ಲರಿಗೂ ದೀದಿ. ರಾಂಚಿ ಪಕ್ಕದ ಹಟಿಯಾದಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದು, ಏಜೆನ್ಸಿಯವರ ಜೊತೆ ಹಾಸನಕ್ಕೆ ಬಂದರು. ಮನೆಮಾತು ಸಾದ್ರಿ, ಹಿಂದಿ ಓದಲು ಬರೆಯಲು ಬರುತ್ತದೆ. ಅತ್ತೆಗೆ ಕನ್ನಡ ಬಿಟ್ಟು ಬೇರೇನೂ ಬರುವುದಿಲ್ಲ. ಮೊದಲ ವಾರ ಇಬ್ಬರೂ ಕೈಸನ್ನೆಯಲ್ಲೇ ಮಾತಾಡಿದರು. ಒಂದು ದಿನ ನಾನು ಮುದ್ದೆ ತಿರುವುತ್ತಿದ್ದಾಗ ಹಿಟ್ಟನ್ನು ಮುಟ್ಟಿ ನೋಡಿ "ಮಡುವಾ!" ಅಂದರು. ಅವರ ಊರಲ್ಲಿ ರಾಗಿಗೆ ಅದೇ ಹೆಸರು, ರೊಟ್ಟಿ ಮಾಡುತ್ತಾರಂತೆ. ಮಾರನೇ ದಿನ ಅವರೇ ತಟ್ಟಿದ ರೊಟ್ಟಿಯನ್ನು ಅತ್ತೆ ಬಸ್ಸಾರಿನ ಜೊತೆ ಎರಡು ತಿಂದರು. ಬಿದ್ದ ಮೇಲೆ ಅವರು ಅಷ್ಟು ಊಟ ಮಾಡಿದ್ದನ್ನು ನಾನು ಅವತ್ತೇ ನೋಡಿದ್ದು.

ಈಗ ದೂರುಗಳು. ಕರಾರು ಕನ್ನಡ, ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಸಹಿ ಹಾಕಬೇಕಾದವರು ಓದುವುದು ಹಿಂದಿ! ನಾನು ಹಿಂದಿ ಪ್ರತಿ ಬರುವವರೆಗೆ ಸಹಿ ಬೇಡ ಅಂದೆ. ಬರಲು ಒಂಬತ್ತು ದಿನ ಹಿಡಿಯಿತು. ಅದರಲ್ಲಿ ರಜೆ ತಿಂಗಳಿಗೆ ಎರಡು ದಿನ ಅಂತಿತ್ತು. ದೀದಿ ಭಾನುವಾರ ಚರ್ಚಿಗೆ ಹೋಗುವವರು. ಪ್ರತಿ ಭಾನುವಾರ ಅಂತ ತಿದ್ದಿಸಿದೆವು. ಅವತ್ತು ಅತ್ತೆಯನ್ನು ನಾನು, ನಮ್ಮ ಯಜಮಾನರು ನೋಡಿಕೊಳ್ಳುತ್ತೇವೆ.

ಇನ್ನೊಂದು ದೊಡ್ಡ ಕೊರತೆ ತರಬೇತಿಯದು. ಎರಡು ದಿನ ಕಲಿಸಿದ್ದು ಕುಕ್ಕರ್, ವಾಷಿಂಗ್ ಮೆಷಿನ್, ಗ್ಯಾಸ್. ಮುದುಕರನ್ನು ನೋಡಿಕೊಳ್ಳಲು ಬೇಕು ಅಂತ ನಾನು ಮೊದಲೇ ಹೇಳಿದ್ದರೂ, ಹಾಸಿಗೆಯಿಂದ ಎಬ್ಬಿಸುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಮೂರನೇ ದಿನಕ್ಕೇ ದೀದಿಗೆ ಸೊಂಟ ಹಿಡಿಯಿತು. ಕೊನೆಗೆ ಫಿಸಿಯೋಥೆರಪಿಯವರನ್ನು ಮನೆಗೆ ಕರೆಸಿ ಇಬ್ಬರೂ ಕಲಿತೆವು. ಅದಕ್ಕಾದ 1,500 ರೂಪಾಯಿಯನ್ನು ಏಜೆನ್ಸಿ ಕೊಡಬೇಕಿತ್ತು. ಕೇಳಿದೆ, ಕೊಡಲಿಲ್ಲ.

ಒಳ್ಳೆಯದನ್ನೂ ಹೇಳಬೇಕು. ಒಂದು ಹಾಳೆ ಕೊಟ್ಟಿದ್ದರು, ದೀದಿಯ ರೂಮಿನ ಬಾಗಿಲ ಹಿಂದೆ ಅಂಟಿಸಲು. ಅದರಲ್ಲಿ ತುರ್ತು ಸಹಾಯದ 112, ಮಹಿಳಾ ಸಹಾಯವಾಣಿ 181, ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಮನೆಯೂ ಕೆಲಸದ ಜಾಗವೇ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು ಅಂತ ಹಿಂದಿಯಲ್ಲಿತ್ತು. ನಮ್ಮ ಯಜಮಾನರಿಗೆ ಸ್ವಲ್ಪ ಇರಿಸುಮುರಿಸಾಯಿತು. ಆದರೆ ಸಂಜೆ ಅವರೇ ಅಂಟಿಸಿದರು. ಅಸಂಘಟಿತ ಕೆಲಸಗಾರರಿಗೆ ಕೇಂದ್ರ ಸರ್ಕಾರದ ಇ-ಶ್ರಮ್ ನೋಂದಣಿಯನ್ನೂ ಏಜೆನ್ಸಿಯವರೇ ಮಾಡಿಸಿದ್ದರು, 12 ಅಂಕಿಯ ಕಾರ್ಡು ದೀದಿಯ ಕೈಯಲ್ಲೇ ಇದೆ. ಆಧಾರ್ ಮೂಲಪ್ರತಿ ನಿಮ್ಮ ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ ಅಂತ ನಮಗೆ ಕಟ್ಟುನಿಟ್ಟಾಗಿ ಹೇಳಿದರು. ಪೊಲೀಸ್ ಪರಿಶೀಲನೆ ನಾವು ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ಮಾಡಿಸಿದ್ದು.

ಎಂಟನೇ ತಿಂಗಳಲ್ಲಿ ದೀದಿಯ ಅಪ್ಪನಿಗೆ ಹುಷಾರು ತಪ್ಪಿತು. ಏಜೆನ್ಸಿಗೆ ಫೋನ್ ಮಾಡಿದರೆ ಅಲ್ಲಿದ್ದ ಹುಡುಗ "ರಿಪ್ಲೇಸ್‌ಮೆಂಟ್ ಕಳಿಸ್ತೀವಿ ಮೇಡಂ, ಇವರು ವಾಪಸ್ ಬರೋದು ಡೌಟು" ಅಂದ. ಕೆಟ್ಟುಹೋದ ಮಿಕ್ಸಿ ಬದಲಿಸುವವರ ಹಾಗೆ. ನನಗೆ ಬಹಳ ನೋವಾಯಿತು. ಕರಾರಿನಲ್ಲಿದ್ದಂತೆ ಹೋಗಿಬರುವ ರೈಲಿನ ದುಡ್ಡು ನಾವು ಕೊಟ್ಟೆವು, 20 ದಿನಕ್ಕೆ ಮಾತ್ರ ಬದಲಿ ಬೇಕು ಅಂತ ಬರೆದು ಕಳಿಸಿದೆವು. ಬಂದವರೂ ಒಳ್ಳೆಯವರು, ದಿನಕ್ಕೆ 700. ಇಪ್ಪತ್ತೊಂದನೇ ದಿನ ಸಂಜೆ ದೀದಿ ಬಂದರು. ಚೀಲದಲ್ಲಿ ಒಂದು ಕೆಜಿ ಮಡುವಾ ಹಿಟ್ಟು ಇತ್ತು. ಹಾಸನಕ್ಕೆ ರಾಗಿ! ಅತ್ತೆ ಆ ಪೊಟ್ಟಣವನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದರು.

ಕರಾರು 11 ತಿಂಗಳದ್ದು. ಮುಂದುವರಿಸಲು ಏಜೆನ್ಸಿ ಅರ್ಧ ಫೀಸ್ ಕೇಳುತ್ತದೆ. ಹೊಸಬರನ್ನು ಹುಡುಕುವ ಕೆಲಸವೇ ಇಲ್ಲದಿರುವಾಗ ಇದು ಜಾಸ್ತಿ ಅಂತ ನನ್ನ ಅಭಿಪ್ರಾಯ. ಆದರೂ ಕೊಟ್ಟೆ, ಸಂಬಳವನ್ನು 19,500 ಮಾಡಿದೆವು. ಈ ಸಲ ಹಿಂದಿ ಪ್ರತಿ ಮೊದಲೇ ಬಂದಿತ್ತು. ದೀದಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಭಾನುವಾರದ ರಜೆ ಸಂಜೆ ಐದರವರೆಗೆ ಅಂತಿದ್ದ ಸಾಲಿನ ಮೇಲೆ ಬೆರಳಿಟ್ಟು, ಏಳು ಮಾಡಿ ಅಂದರು. ಏಳು ಮಾಡಿಸಿದ ಮೇಲೆ ಸಹಿ ಹಾಕಿದರು.