ಎರಡನೆಯ ಚರಣದ 'ಟಿಕ್': ಹಳೆಯ ಗರಾಜ್ ಪಂಕ್ ರೆಕಾರ್ಡ್ ಕೊಳ್ಳುವ ಮುನ್ನ ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ. 850 ಡಾಲರ್ ಕೊಟ್ಟು ನಾನು ಕೊಂಡದ್ದು ಎಂಟು ಡಾಲರ್ ಕೂಡ ಬಾಳದ ಒಂದು ನಕಲಿ ರೆಕಾರ್ಡ್. ಮಾರಿದವನು ಮಹಾ ಚತುರನೇನಲ್ಲ. ಅವನ ಒಂದೊಂದು ಮಾತಿನಲ್ಲೂ ತೂತಿತ್ತು. ಆ ತೂತುಗಳಿಗೆಲ್ಲ ತೇಪೆ ಹಾಕಿಕೊಟ್ಟವನು ನಾನೇ. ಈ ಹುಚ್ಚು ಹಿಡಿದ ಕನ್ನಡಿಗರು ಬೆರಳೆಣಿಕೆಯಷ್ಟಿರಬಹುದು. ಆದರೂ ನಿಮ್ಮಲ್ಲಿ ಒಬ್ಬರಾದರೂ ಈ ಹೊತ್ತಿಗೆ ಕ್ರೆಡಿಟ್ ಕಾರ್ಡ್ ಕೈಯಲ್ಲಿ ಹಿಡಿದು ಕುಳಿತಿದ್ದರೆ, ಐದು ನಿಮಿಷ ತಡೆಯಿರಿ.

ಗರಾಜ್ ಪಂಕ್ ಎಂಬ ಈ ಹುಚ್ಚು ಯಾವುದೆಂದು ತಿಳಿಯದವರಿಗೆ ನಾಲ್ಕು ಮಾತು. 1964ರ ಫೆಬ್ರವರಿ 9ರ ರಾತ್ರಿ ಎಡ್ ಸಲಿವನ್ ಅವರ ಟಿವಿ ಕಾರ್ಯಕ್ರಮದಲ್ಲಿ ಬೀಟಲ್ಸ್ ಹಾಡಿದ್ದನ್ನು ಸುಮಾರು 7.3 ಕೋಟಿ ಅಮೆರಿಕನ್ನರು ನೋಡಿದರು. ಅದಾದ ಮೇಲೆ ಊರೂರಿನ ಹೈಸ್ಕೂಲ್ ಹುಡುಗರು ಅಗ್ಗದ ಗಿಟಾರ್ ಹಿಡಿದು, ಗರಾಜ್‌ನಲ್ಲಿ, ಅಂದರೆ ಮನೆಯ ಕಾರ್ ಶೆಡ್ಡಿನಲ್ಲಿ, ಡ್ರಮ್ ಜೋಡಿಸಿಕೊಂಡು ಕುಳಿತರು. ಒಂದು ಮಧ್ಯಾಹ್ನದ ಮಟ್ಟಿಗೆ ಸ್ಟುಡಿಯೋ ಬಾಡಿಗೆಗೆ ಹಿಡಿದು, ಎರಡು ಹಾಡು ಕೂಗಿ, ನಿಮಿಷಕ್ಕೆ 45 ಸುತ್ತು ತಿರುಗುವ ಏಳು ಅಂಗುಲದ ಫಾರ್ಟಿಫೈವ್ ರೆಕಾರ್ಡನ್ನು ಮುನ್ನೂರೋ ಐನೂರೋ ಪ್ರತಿ ಒತ್ತಿಸುತ್ತಿದ್ದರು. ಊರಿನ ರೇಡಿಯೋ ಕೇಂದ್ರಕ್ಕೆ ಎರಡು, ಅಜ್ಜಿಗೆ ಒಂದು, ಮಿಕ್ಕದ್ದು ಶಾಲೆಯ ನೃತ್ಯಕೂಟದಲ್ಲಿ ಮಾರಾಟ. ಅಷ್ಟರಲ್ಲಿ ಒಬ್ಬ ಕಾಲೇಜಿಗೆ ಹೋದ, ಇನ್ನೊಬ್ಬನಿಗೆ ವಿಯೆಟ್ನಾಂ ಯುದ್ಧದ ಕರೆ ಬಂತು. ಮಾರಾಟವಾಗದ ಪೆಟ್ಟಿಗೆ ಯಾರದೋ ನೆಲಮಾಳಿಗೆಯಲ್ಲಿ ಬೂಷ್ಟು ಹಿಡಿಯಿತು.

1972ರಲ್ಲಿ ಗಿಟಾರ್ ವಾದಕ, ಸಂಗೀತ ಬರಹಗಾರ ಲೆನ್ನಿ ಕೇ ಆ ಕಾಲದ 27 ಹಾಡುಗಳನ್ನು ಆರಿಸಿ 'ನಗೆಟ್ಸ್' ಎಂಬ ಜೋಡಿ ಎಲ್‌ಪಿ ಮಾಡಿದರು. ಅದರ ಟಿಪ್ಪಣಿಯಲ್ಲೇ 'ಪಂಕ್ ರಾಕ್' ಎಂಬ ಮಾತು ಬಂದಿದೆ, ಲಂಡನ್ನಿನ ಪಂಕ್ ಹುಡುಗರು ಸುದ್ದಿಯಾಗುವುದಕ್ಕೆ ನಾಲ್ಕು ವರ್ಷ ಮೊದಲೇ. ಆಮೇಲೆ 'ಪೆಬಲ್ಸ್' ಸರಣಿ ಬಂತು. 1983ರಿಂದ 'ಬ್ಯಾಕ್ ಫ್ರಮ್ ದ ಗ್ರೇವ್' ಸಂಕಲನಗಳು ಇನ್ನೂ ಆಳಕ್ಕೆ ಅಗೆದು, ಆ ಊರಿನವರೇ ಮರೆತಿದ್ದ ತಂಡಗಳನ್ನು ಎತ್ತಿ ತಂದವು. ನನಗೆ ಇವುಗಳಲ್ಲಿ ಇಷ್ಟವಾಗುವುದು ಒಂದೇ: ನುಡಿಸಲು ಬಾರದ ಹುಡುಗರು, ಬರುತ್ತದೆ ಎಂಬ ಭಂಡಧೈರ್ಯದಲ್ಲಿ ನುಡಿಸಿದ್ದಾರೆ. ಟಕೋಮಾ ಊರಿನ 'ದ ಸಾನಿಕ್ಸ್' ತಂಡದ ಗಾಯಕನ ಕಿರುಚಾಟ ಕೇಳಿದ ದಿನ ನನ್ನ ಹೆಂಡತಿ, "ಯಾರಿಗಾದರೂ ಪೆಟ್ಟಾಯಿತೇನ್ರೀ?" ಎಂದು ಅಡುಗೆಮನೆಯಿಂದ ಓಡಿಬಂದಿದ್ದಳು.

ಈಗ ನನ್ನ ಕಥೆ. ನಾನಿರುವುದು ಒಹಾಯೊ ರಾಜ್ಯದಲ್ಲಿ. ಹನ್ನೊಂದು ವರ್ಷಗಳಿಂದ ಒಂದು ಹಾಡಿನ ಹಿಂದೆ ಬಿದ್ದಿದ್ದೆ. ತಂಡದ ಹೆಸರು ಬೇಡ. ಅದರ ಇಬ್ಬರು ಇನ್ನೂ ಬದುಕಿದ್ದಾರೆ, ಅವರಿಗೆ ಈ ರಾಡಿ ಯಾಕೆ. ಒಂದು ಸಂಕಲನದ ಸಿಡಿಯಲ್ಲಿ ಆ ಹಾಡು ಕೇಳಿ ಕೇಳಿ ಉರುಹೊಡೆದಿದ್ದೆ. ಎರಡನೆಯ ಚರಣದಲ್ಲಿ, ಗಿಟಾರ್ ಎದ್ದು ಬರುವುದಕ್ಕೆ ಸರಿಯಾಗಿ ಮುಂಚೆ, ಒಂದು 'ಟಿಕ್' ಸದ್ದು ಬರುತ್ತದೆ. ಅದೂ ಹಾಡಿನ ತಾಳವೇನೋ ಎನ್ನುವಷ್ಟು ನನಗೆ ಅದು ಬಳಕೆಯಾಗಿತ್ತು.

ಕಳೆದ ವರ್ಷ ಒಂದು ಆನ್‌ಲೈನ್ ಮಾರುಕಟ್ಟೆ ತಾಣದಲ್ಲಿ ಅದರ ಮೂಲ ಪ್ರತಿ ಮಾರಾಟಕ್ಕೆ ಬಂತು. ಚಿತ್ರದಲ್ಲಿ ಮಾಸಿದ ಕಂದು ಲಕೋಟೆ, ಕಪ್ಪು ಅಕ್ಷರದ ಹಳದಿ ಲೇಬಲ್, ಲೇಬಲ್ ಮೇಲೆ ನೀಲಿ ಬಾಲ್ ಪೆನ್ನಿನಲ್ಲಿ ಹುಡುಗಿಯೊಬ್ಬಳ ಹೆಸರು: ಪ್ಯಾಟಿ. ಆ ಪ್ಯಾಟಿ ನನ್ನನ್ನು ಕೊಂದಳು ನೋಡಿ. 1966ರ ಶಾಲೆಯ ನೃತ್ಯಕೂಟ, ಕೈಯಲ್ಲಿ ರೆಕಾರ್ಡ್ ಹಿಡಿದ ಹದಿನಾರರ ಹುಡುಗಿ, ಅವಳು ಮದುವೆಯಾಗಿ ಬಿಟ್ಟುಹೋದ ಪೆಟ್ಟಿಗೆ, ಎಲ್ಲವನ್ನೂ ನಾನೇ ಕಟ್ಟಿಕೊಂಡೆ. ಮಾರುವವನು ಅಷ್ಟು ಕಷ್ಟಪಡಬೇಕಾಗಿಯೇ ಇರಲಿಲ್ಲ.

ಹಾಗೆಂದು ನಾನು ಏನೂ ತಿಳಿಯದವನಲ್ಲ, ಅದೇ ನಾಚಿಕೆಯ ಸಂಗತಿ. ರೆಕಾರ್ಡಿನಲ್ಲಿ ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಖಾಲಿ ಪಟ್ಟಿಯೊಂದಿರುತ್ತದೆ. ಡೆಡ್ ವ್ಯಾಕ್ಸ್ ಎನ್ನುತ್ತಾರೆ. ರೆಕಾರ್ಡಿನ ಜಾತಕ ಇರುವುದು ಅಲ್ಲಿ. ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆಯಾದರೆ ಪುಟ್ಟ ತ್ರಿಕೋನದ ಪಕ್ಕದಲ್ಲಿ ಒಂದು ಸಂಖ್ಯೆ. ನಮ್ಮ ಸಿನ್ಸಿನಾಟಿಯ ರೈಟ್ ಕಾರ್ಖಾನೆ, ಕಾಸು ಕೊಟ್ಟವರಿಗೆಲ್ಲ ರೆಕಾರ್ಡ್ ಒತ್ತಿಕೊಡುತ್ತಿದ್ದ ಜಾಗ, ತನ್ನದೇ ಸಾಲಿನ ಸಂಖ್ಯೆ ಹಾಕುತ್ತಿತ್ತು. ಆ ಸಂಖ್ಯೆ ಹಿಡಿದು ಸಂಗ್ರಾಹಕರು ವರ್ಷವನ್ನೇ ಹೇಳಿಬಿಡುತ್ತಾರೆ. ನನ್ನ ಹಾಡು ರೈಟ್‌ನಲ್ಲೇ ಒತ್ತಿಸಿದ್ದು. "ಡೆಡ್ ವ್ಯಾಕ್ಸ್ ಚಿತ್ರ ಕಳಿಸಿ" ಎಂದು ಕೇಳಿದೆ. "ನನ್ನ ಮೊಬೈಲಿನಲ್ಲಿ ಅದು ಮೂಡುವುದಿಲ್ಲ" ಎಂದ. ಸರಿ, ಪಾಪ, ಹಳೆಯ ಮೊಬೈಲು ಇರಬೇಕು ಎಂದುಕೊಂಡೆ. ಅದೇ ಮೊಬೈಲಿನಲ್ಲಿ ಪ್ಯಾಟಿಯ ಹೆಸರಿನ ಒಂದೊಂದು ಗೆರೆಯೂ ಮೂಡಿತ್ತಲ್ಲ, ಅದು ಹೊಳೆಯಲಿಲ್ಲ.

ಆಮೇಲೆ ಅವನೇ, ಮಾರುಕಟ್ಟೆ ತಾಣದ ಹೊರಗೆ ವ್ಯವಹಾರ ಮಾಡಿದರೆ 50 ಡಾಲರ್ ಇಳಿಸುತ್ತೇನೆಂದ. ಹಣ ಕಳಿಸುವ ಆ್ಯಪ್‌ನಲ್ಲಿ 'ಸ್ನೇಹಿತರು ಮತ್ತು ಕುಟುಂಬ' ಎಂಬ ಬಾಬ್ತಿನಲ್ಲಿ ಕಳಿಸಬೇಕಂತೆ. ಕಂಡು ಕೇಳರಿಯದ ಮನುಷ್ಯನನ್ನು ನಾನು ಒಂದೇ ರಾತ್ರಿಯಲ್ಲಿ ಕುಟುಂಬಕ್ಕೆ ಸೇರಿಸಿಕೊಂಡೆ. ಆ ಬಾಬ್ತಿನಲ್ಲಿ ಕೊಳ್ಳುವವನಿಗೆ ಯಾವ ರಕ್ಷಣೆಯೂ ಇಲ್ಲ. ಹಣ ಹೋಯಿತೆಂದರೆ ಹೋಯಿತು.

ರೆಕಾರ್ಡ್ ಬಂತು. ಮುಳ್ಳು ಇಟ್ಟೆ. ಎರಡನೆಯ ಚರಣದಲ್ಲಿ ಅದೇ 'ಟಿಕ್' ಕೇಳಿಸಿತು. ನನಗೆ ಕಣ್ಣು ತುಂಬಿ ಬಂತು, ಸುಳ್ಳಲ್ಲ. ಹನ್ನೊಂದು ವರ್ಷದ ಗೆಳೆಯ ಮನೆಗೆ ಬಂದ ಹಾಗೆ.

ಮೂರು ವಾರದ ಮೇಲೆ ಅದನ್ನು ಹೆಮ್ಮೆಯಿಂದ ಊರಿನ ಹಳೆಯ ರೆಕಾರ್ಡ್ ಅಂಗಡಿಗೆ ಒಯ್ದೆ. ಯಜಮಾನರಿಗೆ ಎಪ್ಪತ್ತು ದಾಟಿದೆ. ಅವರು ಕೇಳುತ್ತಾ ಕುಳಿತವರು 'ಟಿಕ್' ಬಂದಾಗ ತಲೆ ಎತ್ತಿ, "ಇದು ಸಿಡಿಯಲ್ಲೂ ಇದೆ, ಅಲ್ಲವೇ?" ಎಂದರು. ಹೌದೆಂದೆ, ನಗುತ್ತಲೇ. ಅವರು ನಗಲಿಲ್ಲ.

ಆಗ ಅರ್ಥವಾಯಿತು. ಇಂಥ ತಂಡಗಳ ಮೂಲ ಟೇಪುಗಳು ಎಂದೋ ಕಳೆದುಹೋಗಿರುತ್ತವೆ; ಸಂಕಲನ ಮಾಡುವವರು ಸಿಕ್ಕ ಒಂದು ರೆಕಾರ್ಡನ್ನೇ ನುಡಿಸಿ ಹಾಡನ್ನು ಎತ್ತಿಕೊಳ್ಳುತ್ತಾರೆ. ಆ 'ಟಿಕ್' ಹಾಡಿನದಲ್ಲ, ಆ ಒಂದು ಪ್ರತಿಯ ಮೇಲಿದ್ದ ಗೀರಿನದು. ಜಗತ್ತಿನ ಬೇರೆ ಯಾವ ಪ್ರತಿಯಲ್ಲೂ ಅದು ಅದೇ ಜಾಗದಲ್ಲಿ ಇರಲು ಕಾರಣವಿಲ್ಲ. ನನ್ನ 'ಮೂಲ' ಪ್ರತಿಯಲ್ಲಿ ಇದೆಯೆಂದರೆ ಅದನ್ನು ಸಿಡಿಯಿಂದಲೇ ಇಳಿಸಿ ಒತ್ತಿದ್ದಾರೆ. ಯಾವ ಸದ್ದು ಕೇಳಿ ನಾನು ಕಣ್ಣೀರು ಹಾಕಿದೆನೋ ಅದೇ ನಕಲಿಗೆ ಸಾಕ್ಷಿ.

ಮಿಕ್ಕದ್ದನ್ನು ಯಜಮಾನರು ಭೂತಗನ್ನಡಿಯಲ್ಲಿ ತೋರಿಸಿದರು. ಆ ಕಾಲದ ಇಂಥ ಲೇಬಲ್‌ಗಳಲ್ಲಿ ಅಕ್ಷರ ಒಂದೇ ಬಣ್ಣದ ಗಟ್ಟಿ ಶಾಯಿಯಲ್ಲಿ ಅಚ್ಚಾಗಿರುತ್ತದೆ. ನನ್ನದರಲ್ಲಿ ಹಳದಿಯೂ ಕಪ್ಪೂ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಕಾಣುತ್ತಿತ್ತು, ಸ್ಕ್ಯಾನ್ ಮಾಡಿ ಮುದ್ರಿಸಿದ್ದರ ಗುರುತು. ಡೆಡ್ ವ್ಯಾಕ್ಸ್‌ನಲ್ಲಿ ರೈಟ್ ಸಂಖ್ಯೆಯ ಸುಳಿವೇ ಇಲ್ಲ. ಲಕೋಟೆ ಮಾತ್ರ ನಿಜವಾಗಿಯೂ ಹಳೆಯದು. ಹೆಸರಿಲ್ಲದ ಕಂದು ಲಕೋಟೆ ಯಾವ ಹಳೆಯ ರೆಕಾರ್ಡಿನದ್ದಾದರೂ ಆದೀತು, ಡಾಲರಿಗೆ ನಾಲ್ಕು ಸಿಗುತ್ತವೆ. "ಇದನ್ನು ಮೊದಲು ಮಾಡಿದವರು ಮೋಸಗಾರರಲ್ಲದೆ ಇರಬಹುದು," ಎಂದರು ಅವರು. ಅಭಿಮಾನಿಗಳೇ ಪ್ರೀತಿಯಿಂದ ಒತ್ತಿಸಿ ಅಗ್ಗಕ್ಕೆ ಹಂಚುವ ನಕಲುಗಳಿವೆ. ಎರಡನೆಯ, ಮೂರನೆಯ ಕೈಗೆ ಬರುವ ಹೊತ್ತಿಗೆ ಅವು ಅಸಲಿಯಾಗಿಬಿಡುತ್ತವೆ.

ಬೆಂಗಳೂರಿನಲ್ಲಿ ಹಿತ್ತಾಳೆ ಕಹಳೆಯ ನಕಲಿ 'ಪುರಾತನ' ಗ್ರಾಮಫೋನ್ ಕೊಂಡು ಬೈಠಕ್‌ಖಾನೆಯಲ್ಲಿ ಇಟ್ಟುಕೊಂಡ ನನ್ನ ಸೋದರಮಾವನನ್ನು ನಾನು ವರ್ಷಗಟ್ಟಲೆ ಆಡಿಕೊಂಡಿದ್ದೆ. ಅವರದು ಕನಿಷ್ಠ ನೋಡಲು ಚೆನ್ನಾಗಿದೆ.

ಹಾಡುಗಳ ವಿಷಯದಲ್ಲಿ ಒಂದು ತಮಾಷೆ ಇದೆ. ಪ್ರಸಿದ್ಧ ರೆಕಾರ್ಡನ್ನು ನಕಲು ಮಾಡಿದರೆ ಹಿಡಿಯಲು ಸಾವಿರ ಜನರಿದ್ದಾರೆ. ಹತ್ತೇ ಪ್ರತಿ ಉಳಿದಿರುವ ರೆಕಾರ್ಡಿನ ಅಸಲಿ ಲೇಬಲ್ ಹೇಗಿತ್ತೆಂದು ನೋಡಿದವರು ಯಾರು? ಯಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತು ಎಂಬ ಬೀಗುವಿಕೆಯೇ ನಮ್ಮ ಈ ಹವ್ಯಾಸದ ಅರ್ಧ ಸುಖ, ಕಳ್ಳನಿಗೆ ಬಾಗಿಲು ತೆರೆಯುವುದೂ ಅದೇ.

ಆದ್ದರಿಂದ ಡೆಡ್ ವ್ಯಾಕ್ಸ್‌ನ ಚಿತ್ರ ಬರುವವರೆಗೆ ಕಾಸು ಬಿಚ್ಚಬೇಡಿ. ಹಾಡಿನ ಧ್ವನಿಮುದ್ರಣ ಕಳಿಸಿ ಎಂದು ಕೇಳಿ, ಸಂಕಲನದ ಪಕ್ಕದಲ್ಲಿಟ್ಟು ಕಿವಿಗೊಡಿ: ಗೀರುಗಳು ಹೊಂದಿಕೆಯಾದರೆ ಓಡಿ. ಸ್ಥಿತಿಯ ಬಗ್ಗೆ 'ವೆರಿ ಗುಡ್' ಎಂದು ಬರೆದಿದ್ದರೆ ಹಿಗ್ಗಬೇಡಿ, ಈ ವ್ಯಾಪಾರದ ಭಾಷೆಯಲ್ಲಿ ಅದಕ್ಕೆ ಕರಕರ ಸದ್ದು ಖಚಿತ ಎಂದರ್ಥ. ತಾಣದ ಹೊರಗೆ ಹಣ ಕಳಿಸಲು ಕರೆದವನ ಜೊತೆ ಮಾತೇ ಬೇಡ. ಹಾಡು ಕೇಳುವುದಷ್ಟೇ ಮುಖ್ಯ ಎನ್ನುವವರಿಗೆ ಸಂಡೇಜ್ಡ್, ನಾರ್ಟನ್, ಕ್ರಿಪ್ಟ್‌ನಂಥ ಕಂಪನಿಗಳ ಮರುಮುದ್ರಣಗಳಿವೆ. ಅವು ತಾವು ಮರುಮುದ್ರಣವೆಂದು ಮುಚ್ಚಿಡುವುದಿಲ್ಲ.

ಮಾರಿದವನಿಗೆ ಬರೆದೆ. ತಾನೂ ನಂಬಿಯೇ ಕೊಂಡದ್ದೆಂದು ಒಂದು ಸಾಲು ಬರೆದವನು ಆಮೇಲೆ ಮಾಯವಾದ. ಹಣದ ಆ್ಯಪ್‌ನವರು, ನೀವೇ ಒಪ್ಪಿ ಕಳಿಸಿದ್ದಲ್ಲವೇ ಎಂದರು. ಹೆಂಡತಿಗೆ ಹೇಳಲು ಒಂದು ತಿಂಗಳು ಬೇಕಾಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಪ್ರತಿ ಇನ್ನೊಬ್ಬರ ಕೊರಳಿಗೆ ಬೀಳಬಾರದೆಂದು ಅದರ ಎರಡೂ ಲೇಬಲ್ ಮೇಲೆ ಅಳಿಸಲಾಗದ ಶಾಯಿಯಲ್ಲಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ, 'ನಕಲಿ' ಎಂದು ಬರೆದಿದ್ದೇನೆ.

ಮೊನ್ನೆ ಅದೇ ಹಾಡಿನ ಇನ್ನೊಂದು 'ಮೂಲ' ಪ್ರತಿ ಮಾರಾಟಕ್ಕೆ ಬಂದಿದೆ. ಮಾರುವವನ ಹೆಸರು ಬೇರೆ, ಬೆಲೆ 900 ಡಾಲರ್. ಕಂದು ಲಕೋಟೆ, ಹಳದಿ ಲೇಬಲ್, ಲೇಬಲ್ ಮೇಲೆ ನೀಲಿ ಬಾಲ್ ಪೆನ್ನಿನ ಅದೇ ದುಂಡಗಿನ ಕೈಬರಹ. ಈ ಸಲ ಹುಡುಗಿಯ ಹೆಸರು ಲಿಂಡಾ.