ಟ್ರೀಟ್ ಮಾಡಿದ ಮರ: ಹಸಿರು ಬಣ್ಣಕ್ಕೆ ದುಡ್ಡು ಕೊಡಬೇಡಿ

ಮರಕ್ಕೆ ಔಷಧ ಕುಡಿಸಿದರೆ ನಿಜವಾಗಿಯೂ ಬಾಳಿಕೆ ಬರುತ್ತದೆಯೇ ಎಂಬ ಅನುಮಾನ ಬೇಡ, ಬರುತ್ತದೆ. ಅಮೆರಿಕದ ಅರಣ್ಯ ಉತ್ಪನ್ನ ಪ್ರಯೋಗಾಲಯ ಮಿಸಿಸಿಪ್ಪಿಯ ಬಿಸಿ, ತೇವದ ನೆಲದಲ್ಲಿ ಪೈನ್ ಗೂಟಗಳನ್ನು ಹೂತು ದಶಕಗಳಿಂದ ಗಮನಿಸುತ್ತಿದೆ. ಬರಿ ಮರದ ಗೂಟಗಳು ಕೆಲವೇ ವರ್ಷಗಳಲ್ಲಿ ಮುರಿದುಬಿದ್ದವು. ಸಿಸಿಎ ಎಂಬ ತಾಮ್ರದ ಔಷಧವನ್ನು ಸರಿಯಾದ ಪ್ರಮಾಣದಲ್ಲಿ ಹೀರಿಕೊಂಡಿದ್ದವು ದಶಕಗಳಾದ ಮೇಲೂ ಗಟ್ಟಿಯಾಗಿದ್ದವು. ಹಾಗಿದ್ದೂ ಅಂಗಡಿಯಿಂದ ತಂದ, ಔಷಧದಿಂದ ಹಸಿರಾದ ಕಂಬ ಬೇಗನೆ ಬುಡದಲ್ಲಿ ಲಡ್ಡಾಯಿತು ಎಂಬ ದೂರು ಕೇಳುತ್ತಲೇ ಇರುತ್ತದೆ. ಬಹುತೇಕ ಸಲ ಕಾರಣ ಮೂರರಲ್ಲಿ ಒಂದು: ಔಷಧ ಒಳಗೆ ಇಳಿದಿರುವುದಿಲ್ಲ, ದರ್ಜೆ ಜಾಗಕ್ಕೆ ತಕ್ಕದ್ದಲ್ಲ, ಇಲ್ಲವೇ ಕೊಯ್ದ ತುದಿಯನ್ನು ಹಾಗೇ ಬಿಟ್ಟಿರುತ್ತಾರೆ.

ಒಳ್ಳೆಯ ಮಾಲು ತಯಾರಾಗುವುದು ಒತ್ತಡದ ಸಿಲಿಂಡರಿನಲ್ಲಿ. ಮೊದಲು ಮರದೊಳಗಿನ ಗಾಳಿಯನ್ನು ಹೀರಿ ತೆಗೆಯುತ್ತಾರೆ, ದ್ರಾವಣ ತುಂಬುತ್ತಾರೆ, ಒತ್ತಡ ಹಾಕಿ ಒಳಕ್ಕೆ ತಳ್ಳುತ್ತಾರೆ. ಜಾನ್ ಬೆಥೆಲ್ 1838ರಲ್ಲಿ ಪೇಟೆಂಟ್ ಪಡೆದ ಈ ಕ್ರಮ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಆದರೆ ಔಷಧ ಕುಡಿಯುವುದು ತೊಗಟೆಗೆ ಹತ್ತಿರದ ಬಿಳಿ ಭಾಗ ಮಾತ್ರ. ಚೇಗು, ಅಂದರೆ ನಡುವಿನ ಗಟ್ಟಿ ಮರ, ಎಷ್ಟೇ ಒತ್ತಡ ಹಾಕಿದರೂ ಅಷ್ಟಾಗಿ ಬಗ್ಗುವುದಿಲ್ಲ. ಆದ್ದರಿಂದ ಕಂಬಕ್ಕೆ ದುಂಡು ಮರವೇ ಲೇಸು, ಅದಕ್ಕೆ ಸುತ್ತಲೂ ಬಿಳಿ ಭಾಗದ ಕವಚ ಇರುತ್ತದೆ. ಚೌಕಾಕಾರಕ್ಕೆ ಕೊಯ್ದ ಕಂಬದಲ್ಲಿ ಒಂದು ಮುಖ ಪೂರ್ತಿ ಚೇಗೇ ಆಗಿರಬಹುದು, ಆ ಮುಖಕ್ಕೆ ರಕ್ಷಣೆ ಇಲ್ಲವೆಂದೇ ಲೆಕ್ಕ. ಡಗ್ಲಸ್ ಫರ್, ಸ್ಪ್ರೂಸ್‌ನಂತಹ ಹಟಮಾರಿ ಮರಗಳಿಗೆ ಮೈಮೇಲೆ ಸಣ್ಣ ಸಣ್ಣ ಸೀಳು ಹಾಕಿ ಟ್ರೀಟ್ ಮಾಡುತ್ತಾರೆ. ನೋಡಲು ಚೆಂದವಿಲ್ಲ, ಆದರೆ ಅಂಥ ಮರದಲ್ಲಿ ಆ ಗುರುತು ಕಾಣದಿದ್ದರೆ ಕೊಳ್ಳಬೇಡಿ.

ಪರೀಕ್ಷೆ ಸುಲಭ. ಒಂದು ಕಂಬವನ್ನು ತುದಿಯಿಂದ ಒಂದಡಿ ಒಳಗೆ ಅಡ್ಡಕ್ಕೆ ಕೊಯ್ಸಿ ನೋಡಿ. ತುದಿಯನ್ನೇ ನೋಡಿದರೆ ಮೋಸಹೋಗುತ್ತೀರಿ, ಏಕೆಂದರೆ ಎಳೆಯ ಉದ್ದಕ್ಕೆ ದ್ರಾವಣ ಸಲೀಸಾಗಿ ಹರಿದಿರುತ್ತದೆ. ಕೊಯ್ದ ಮುಖದಲ್ಲಿ ಬಿಳಿ ಭಾಗವೆಲ್ಲ ಹಸಿರಾಗಿ, ನಡುವಿನ ಚೇಗು ಮಾತ್ರ ಮರದ ಬಣ್ಣದಲ್ಲೇ ಉಳಿದಿದ್ದರೆ ಮಾಲು ಸರಿ. ಅಂಚಿನಲ್ಲಿ ಉಗುರಿನ ದಪ್ಪದ ಹಸಿರು ಗೆರೆ ಇದ್ದು ಒಳಗೆಲ್ಲ ಬಿಳಿಯಾಗಿದ್ದರೆ ಅದು ಬರೀ ತೊಟ್ಟಿಯಲ್ಲಿ ಅದ್ದಿ ತೆಗೆದ ಮರ. ಮೊದಲ ಬಿರುಕು ಬಿಟ್ಟ ದಿನವೇ ಅದರ ಆಯುಸ್ಸು ಮುಗಿಯಿತು.

ಇನ್ನು ಔಷಧದ ವಿಷಯ. ಸಿಸಿಎ ಎಂದರೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಮಿಶ್ರಣ. 1933ರಲ್ಲಿ ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ರೂಪಿಸಿದ್ದು. ಬಾಳಿಕೆಯಲ್ಲಿ ಅದಕ್ಕೆ ನಮ್ಮ ಪೂರ್ಣ ಅಂಕ. ಆದರೆ ಆರ್ಸೆನಿಕ್ ಕಾರಣಕ್ಕೆ ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ಹಾಕುವುದು ನಿಂತಿತು. ಮಕ್ಕಳ ಆಟದ ಜಾಗಕ್ಕೆ, ತರಕಾರಿ ಮಡಿಗೆ ನಾವೂ ಅದನ್ನು ಹೇಳುವುದಿಲ್ಲ. ಅದರ ಜಾಗಕ್ಕೆ ಬಂದ ಎಸಿಕ್ಯೂ ಮತ್ತು ಕಾಪರ್ ಅಜೋಲ್ ಎರಡೂ ತಾಮ್ರದ ಮೇಲೇ ನಿಂತವು. ಕೆಲವು ಶಿಲೀಂಧ್ರಗಳು ಆಕ್ಸಾಲಿಕ್ ಆಮ್ಲ ಬಿಟ್ಟು ತಾಮ್ರವನ್ನೇ ಕಟ್ಟಿಹಾಕಿಬಿಡುತ್ತವೆ, ಅವನ್ನು ಹಿಡಿಯಲೆಂದೇ ಇವುಗಳಲ್ಲಿ ಎರಡನೆಯ ಔಷಧವೊಂದನ್ನು ಸೇರಿಸಿರುತ್ತಾರೆ. ಬೋರಾನ್ ಲವಣವಾದ ಬೋರೇಟ್ ಗೆದ್ದಲಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಚೇಗಿಗೂ ಇಳಿಯುತ್ತದೆ. ಆದರೆ ನೀರಿನಲ್ಲಿ ಕರಗಿಹೋಗುವುದರಿಂದ ಸೂರಿನ ಕೆಳಗೆ ಮಾತ್ರ ಬಳಸಿ. ಮಳೆಗೆ ಒಡ್ಡಿದ ಬೇಲಿಗೆ ಬೋರೇಟ್ ಮರ ಮಾರುವವರ ಹತ್ತಿರ ವ್ಯಾಪಾರವೇ ಬೇಡ.

ಬಿಲ್ಲಿನಲ್ಲಿ 'ಟ್ರೀಟೆಡ್' ಎಂದಿದ್ದರೆ ಸಾಲದು, ದರ್ಜೆ ಬರೆಸಿಕೊಳ್ಳಿ. ಆಸ್ಟ್ರೇಲಿಯಾದ ಪದ್ಧತಿಯಲ್ಲಿ ನೆಲದಿಂದ ಮೇಲಿರುವ ಹೊರಗಿನ ಮರಕ್ಕೆ ಎಚ್3, ಮಣ್ಣಿಗೆ ಹೂಳುವುದಕ್ಕೆ ಎಚ್4. ಅಮೆರಿಕದ ಪದ್ಧತಿಯಲ್ಲಿ ಇವೇ ಯುಸಿ3ಬಿ, ಯುಸಿ4ಎ. ಸಿಸಿಎ ಲೆಕ್ಕದಲ್ಲಿ ಅಮೆರಿಕದ ದರ್ಜೆಗೆ ಘನ ಮೀಟರಿಗೆ ಸುಮಾರು 4 ಕಿಲೊ ಔಷಧ ನೆಲದ ಮೇಲಿನದಕ್ಕೆ, 6.4 ಕಿಲೊ ಮಣ್ಣಿಗೆ ಹೋಗುವುದಕ್ಕೆ. ನೆಲದಿಂದ 15 ಸೆಂ.ಮೀ.ಗಿಂತ ಕಡಿಮೆ ಎತ್ತರದಲ್ಲಿರುವ ತೊಲೆಗೆ, ಎಲೆ ಕಸ ಕೂತು ಒಣಗದ ಜಾಗಕ್ಕೆ ಮಣ್ಣಿನ ದರ್ಜೆಯನ್ನೇ ತನ್ನಿ. ಅಲ್ಲಿ ಉಳಿಸಿದ ದುಡ್ಡು ಹಲಗೆ ಬದಲಿಸುವ ಕೂಲಿಗೇ ಹೋಗುತ್ತದೆ.

ಒಳ್ಳೆಯ ಮಾಲನ್ನೂ ಹಾಳುಮಾಡುವುದು ಗರಗಸ. ಕೊಯ್ದಲ್ಲಿ, ತೂತು ಕೊರೆದಲ್ಲಿ, ಕಚ್ಚು ಹಾಕಿದಲ್ಲಿ ಕವಚ ಒಡೆದು ಒಳಮರ ಬಯಲಿಗೆ ಬರುತ್ತದೆ. ಶೇ. 2 ತಾಮ್ರ ಇರುವ ಕಾಪರ್ ನ್ಯಾಫ್ತನೇಟ್ ಎಂಬ ಹಚ್ಚುವ ಔಷಧವನ್ನು ಅಲ್ಲೆಲ್ಲ ಬ್ರಷ್‌ನಲ್ಲಿ ಮರ ಕುಡಿಯುವಷ್ಟು ಹಚ್ಚಿ. ಬೋಲ್ಟಿನ ತೂತಿಗಾದರೆ ಒಳಗೇ ಸುರಿಯಿರಿ. ಹಚ್ಚಿದರೂ ಕೊಯ್ದ ತುದಿ ಮೇಲಿರಲಿ, ಕಾರ್ಖಾನೆಯ ತುದಿ ಮಣ್ಣಿಗೆ ಹೋಗಲಿ.

ಕಂಬ ಲಡ್ಡಾಗುವುದು ತಳದಲ್ಲಿ ಅಲ್ಲ, ಮಣ್ಣು ಗಾಳಿ ಸೇರುವ ಗೆರೆಯ ಆಸುಪಾಸಿನಲ್ಲಿ. ಶಿಲೀಂಧ್ರಕ್ಕೆ ತೇವವೂ ಬೇಕು, ಉಸಿರೂ ಬೇಕು. ಆಳದಲ್ಲಿ ಗಾಳಿ ಸಾಲದು, ಮೇಲೆ ಮರ ಒಣಗುತ್ತದೆ. ಮರದ ತೇವ ಶೇ. 20ರ ಕೆಳಗಿದ್ದರೆ ಶಿಲೀಂಧ್ರ ಬೆಳೆಯುವುದಿಲ್ಲ. ಗುಂಡಿಯ ತಳಕ್ಕೆ ಒಂದು ಗೇಣು ಜಲ್ಲಿ ಹಾಕಿ. ಕಾಂಕ್ರೀಟ್ ಸುರಿಯುವುದಾದರೆ ತಳ ಮುಚ್ಚಬೇಡಿ, ಅದು ಬಟ್ಟಲಾಗಿ ನೀರು ಹಿಡಿಯುತ್ತದೆ. ಮೇಲ್ಭಾಗ ನೆಲಕ್ಕಿಂತ ತುಸು ಎತ್ತರವಿದ್ದು ಹೊರಕ್ಕೆ ಇಳಿಜಾರಾಗಿರಲಿ. ವರ್ಷಕ್ಕೊಮ್ಮೆ ಬುಡದ ಮಣ್ಣು ಸರಿಸಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಮೊನೆ ಸಲೀಸಾಗಿ ಒಳಗಿಳಿದರೆ ಔಷಧ ಸೋತಿದೆ ಎಂದರ್ಥ.

ಎಸಿಕ್ಯೂ, ಅಜೋಲ್ ಮರದ ದೊಡ್ಡ ಕೊರತೆ ಮೊಳೆಯ ವಿಷಯದಲ್ಲಿ. ತೇವವಿದ್ದಾಗ ತಾಮ್ರ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಹೊಳೆಯುವ ಎಲೆಕ್ಟ್ರೋಪ್ಲೇಟೆಡ್ ಸ್ಕ್ರೂ ತೆಳುವಾಗುತ್ತ ಹೋಗಿ ಮರ ಗಟ್ಟಿಯಿದ್ದೂ ಹಲಗೆ ಕಳಚಿಬೀಳುತ್ತದೆ. ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ, ಅಂದರೆ ಕರಗಿದ ಸತುವಿನಲ್ಲಿ ಅದ್ದಿದ ಮೊಳೆ ಕನಿಷ್ಠ, ಸಮುದ್ರದ ಹತ್ತಿರ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಅಲ್ಯೂಮಿನಿಯಂ ಪಟ್ಟಿಯನ್ನು ನೇರವಾಗಿ ತಾಗಿಸಬೇಡಿ.

ಬಣ್ಣ ಬೂದಿಯಾಗುವುದು, ಬಿರುಕು ಬಿಡುವುದು ಬಿಸಿಲಿನ ಕೆಲಸ. ಅದನ್ನು ತಡೆಯುತ್ತೇನೆಂದು ಔಷಧ ಭರವಸೆ ಕೊಟ್ಟೇ ಇಲ್ಲ. ಟ್ರೀಟ್ ಮಾಡಿದ ಮೇಲೆ ಭಟ್ಟಿಯಲ್ಲಿ ಒಣಗಿಸಿದ ಮಾಲು ಸಿಕ್ಕರೆ ಹಲಗೆಗೆ ಅದನ್ನೇ ಆರಿಸಿ, ಸೊಟ್ಟಗಾಗುವುದು ಕಡಿಮೆ. ಹಸಿ ಮಾಲಾದರೆ ಎಣ್ಣೆಬಣ್ಣ ಹಚ್ಚಲು ಅವಸರ ಬೇಡ. ನೀರು ಚಿಮುಕಿಸಿದಾಗ ಹನಿ ನಿಲ್ಲದೆ ಇಂಗಿದ ಮೇಲೆ ಹಚ್ಚಿ. ಕೊಯ್ಯುವಾಗ ಮಾಸ್ಕ್, ಕೈಗವಸು ಇರಲಿ. ಉಳಿದ ತುಂಡುಗಳನ್ನು ಒಲೆಗಾಗಲಿ ನೀರು ಕಾಯಿಸಲಿಕ್ಕಾಗಲಿ ಹಾಕಬೇಡಿ, ಸಿಸಿಎ ಮರದ ಬೂದಿಯಲ್ಲಿ ಆರ್ಸೆನಿಕ್ ಉಳಿಯುತ್ತದೆ, ಅದನ್ನು ಗಿಡದ ಬುಡಕ್ಕೂ ಸುರಿಯುವಂತಿಲ್ಲ.